ಬಾಟ್‌ಗೆ ಹಾಕುವ ಬೀಗ ರೈತನಿಗೆ ಬೀಳದಿರಲಿ

2025ರ ಜನವರಿ ಕೊನೆಯಲ್ಲೂ ಫೆಬ್ರುವರಿಯ ಮೊದಲ ದಿನಗಳಲ್ಲೂ ರಾಜ್ಯದ ಉಪನೋಂದಣಾಧಿಕಾರಿಗಳ ಕಚೇರಿಗಳಲ್ಲಿ ಆಸ್ತಿ ನೋಂದಣಿ ಬಹುಮಟ್ಟಿಗೆ ಕುಂಠಿತಗೊಂಡಿದ್ದುದು ಓದುಗರಿಗೆ ನೆನಪಿರಬಹುದು. ಕಾವೇರಿ 2.0 ತಂತ್ರಾಂಶ ತೆರೆದುಕೊಳ್ಳುತ್ತಿರಲಿಲ್ಲ. ತೆರೆದುಕೊಂಡರೂ ಮುಂದಕ್ಕೆ ಸಾಗುತ್ತಿರಲಿಲ್ಲ. ‘ಸರ್ವರ್ ಡೌನ್’ ಎಂಬ, ಈಗ ಹೆಚ್ಚುಕಡಿಮೆ ಕನ್ನಡದ ಮಾತೇ ಆಗಿಬಿಟ್ಟಿರುವ ಉತ್ತರವನ್ನು ಕೇಳಿ ಜನ ಹಿಂದಿರುಗಿದರು. ಆದರೆ ಈ ಸಲ ಸರ್ಕಾರದಿಂದ ಬಂದ ವಿವರಣೆ ಎಂದಿನ ತಾಂತ್ರಿಕ ದೋಷದ ಸಬೂಬಾಗಿರಲಿಲ್ಲ. ವ್ಯವಸ್ಥೆಯ ಮೇಲೆ ಯಾರೋ ಉದ್ದೇಶಪೂರ್ವಕವಾಗಿ ದಾಳಿ ನಡೆಸಿದ್ದರು.

ನಕಲಿ ಖಾತೆಗಳನ್ನು ಸೃಷ್ಟಿಸಿ, ಸ್ವಯಂಚಾಲಿತ ತಂತ್ರಾಂಶಗಳ ಮೂಲಕ ಋಣಭಾರ ಪ್ರಮಾಣಪತ್ರದ ಹುಡುಕಾಟಕ್ಕೆ ಲೆಕ್ಕವಿಲ್ಲದಷ್ಟು ಕೋರಿಕೆಗಳನ್ನು ಕಳುಹಿಸಲಾಗಿತ್ತು. ಆಗ ಅಧಿಕಾರಿಗಳಿಂದ ಹೊರಬಿದ್ದ ಮಾಹಿತಿಯಂತೆ ಇದಕ್ಕೆ 62 ಇ-ಮೇಲ್ ಖಾತೆಗಳು ಮತ್ತು 14 ಐ.ಪಿ. ವಿಳಾಸಗಳು ಬಳಕೆಯಾಗಿದ್ದವು, ಹುಡುಕಾಟದ ದಟ್ಟಣೆ ಎಂದಿನದಕ್ಕಿಂತ ಎಂಟು ಪಟ್ಟು ಏರಿತ್ತು, ಒಂದು ಹಂತದಲ್ಲಿ ಎರಡೇ ಗಂಟೆಗಳ ಅವಧಿಯಲ್ಲಿ 6.2 ಲಕ್ಷ ದುರುದ್ದೇಶದ ಕೋರಿಕೆಗಳು ಬಂದಿದ್ದವು. ಭಾಗಿಸಿ ನೋಡಿದರೆ ಸೆಕೆಂಡಿಗೆ ಸುಮಾರು 86. ಯಾವ ಗುಮಾಸ್ತನ ಬೆರಳೂ ಆ ವೇಗದಲ್ಲಿ ಓಡಲಾರದು. ಇಂತಹ ಯಂತ್ರ-ಅರ್ಜಿದಾರನನ್ನೇ ತಂತ್ರಜ್ಞರು ‘ಬಾಟ್’ ಎಂದು ಕರೆಯುತ್ತಾರೆ: ಮನುಷ್ಯನೊಬ್ಬ ಬ್ರೌಸರ್ ತೆರೆದು ಕುಳಿತಿದ್ದಾನೆಂಬ ಭ್ರಮೆ ಹುಟ್ಟಿಸುತ್ತಾ, ಮನುಷ್ಯನಿಲ್ಲದೆಯೇ ಕೆಲಸ ನಡೆಸುವ ತಂತ್ರಾಂಶ.

ದೂರು ಸೈಬರ್ ಅಪರಾಧ ಪೊಲೀಸರಿಗೆ ಹೋಯಿತು, ವ್ಯವಸ್ಥೆ ಮತ್ತೆ ಚಾಲನೆಗೊಂಡಿತು. ಇನ್ನು ಮುಂದೆ ಬಾಟ್‌ಗಳನ್ನು ಗುರುತಿಸಿ ತಡೆಯುವ ಕಾವಲು ಬಿಗಿಯಾಗಬೇಕೆಂಬ ಒತ್ತಾಯ ಎಲ್ಲೆಡೆ ಕೇಳಿಬಂದಿತು. ಅದು ಸರಿಯಾದ ಒತ್ತಾಯವೇ. ಆದರೆ ಆ ಕಾವಲು ಹೇಗೆ ಕೆಲಸ ಮಾಡುತ್ತದೆ, ಯಾರನ್ನು ಒಳಗೆ ಬಿಡುತ್ತದೆ, ಯಾರನ್ನು ಹೊರಗಿಡುತ್ತದೆ ಎಂಬ ಪ್ರಶ್ನೆಯನ್ನು ತಂತ್ರಜ್ಞರ ಪಾಲಿಗೆ ಬಿಟ್ಟು ನಾವೆಲ್ಲ ಸುಮ್ಮನಾಗಿದ್ದೇವೆ. ಮೂರು ದಶಕಕ್ಕೂ ಮಿಕ್ಕಿ ಸರ್ಕಾರಿ ಕಡತಗಳ ನಡುವೆ ಬದುಕಿದ ನನಗೆ ಇದು ತಾಂತ್ರಿಕ ಪ್ರಶ್ನೆಗಿಂತ ಹೆಚ್ಚಾಗಿ ಆಡಳಿತದ ಪ್ರಶ್ನೆಯಾಗಿ ತೋರುತ್ತದೆ.

ನನಗೆ ಪರಿಚಿತವಾದ ಒಂದು ಪ್ರದೇಶವನ್ನು ಮುಂದಿಟ್ಟುಕೊಂಡು ಇದನ್ನು ನೋಡುವುದು ಸೂಕ್ತ. ಮಂಡ್ಯ ಜಿಲ್ಲೆಯ ಪಾಂಡವಪುರ ಕಂದಾಯ ಉಪವಿಭಾಗದಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳಿವೆ. ಮೊದಲಿನ ಎರಡರಲ್ಲಿ ಕನ್ನಂಬಾಡಿ ಕಟ್ಟೆಯ ಕೃಪೆಯಿಂದ ನೀರಿದೆ, ಹಿಡುವಳಿಗಳು ಸಣ್ಣವು. 2023ರಲ್ಲಿ ಬೆಂಗಳೂರು-ಮೈಸೂರು ದಶಪಥ ಉದ್ಘಾಟನೆಯಾದ ಬಳಿಕ ಶ್ರೀರಂಗಪಟ್ಟಣದ ಸುತ್ತಣ ನೆಲದ ಮೇಲೆ ನಗರದ ಕಣ್ಣು ಇನ್ನಷ್ಟು ಬಿದ್ದಿದೆ. ನಾಗಮಂಗಲ ಬಹುಪಾಲು ಒಣಭೂಮಿ, ಕೆ.ಆರ್. ಪೇಟೆಯದು ಹೇಮಾವತಿ ಮುಟ್ಟಿದ ಕಡೆ ಹಸಿರು, ಮುಟ್ಟದ ಕಡೆ ಮಳೆಯ ದಾರಿ ಕಾಯುವ ಹೊಲ. ಇಲ್ಲಿನ ಅನೇಕ ಮನೆಗಳ ಒಂದು ತಲೆಮಾರು ಬೆಂಗಳೂರಿನಲ್ಲಿ ದುಡಿಯುತ್ತಿದೆ. ಹೀಗಾಗಿ ಒಂದು ವಿಭಾಗಪತ್ರ ನೋಂದಣಿಯಾಗಬೇಕಾದರೆ ಅಣ್ಣ ಊರಿನಿಂದ, ತಮ್ಮ ಪೀಣ್ಯದ ಕಾರ್ಖಾನೆಯಿಂದ, ತಂಗಿ ಗಂಡನ ಮನೆಯಿಂದ ಬಂದು ಒಂದೇ ದಿನ ಒಂದೇ ಕಚೇರಿಯ ಮುಂದೆ ನಿಲ್ಲಬೇಕು. ಆ ದಿನ ಸರ್ವರ್ ನಿಂತರೆ ಹೋಗುವುದು ನಾಲ್ಕೈದು ಜನರ ಒಂದೊಂದು ದಿನದ ಕೂಲಿ. ಎಷ್ಟೋ ಸಲ, ಬಹು ಪ್ರಯಾಸದಿಂದ ಕೂಡಿಸಿದ ಒಮ್ಮತವೂ ಹೋಗುತ್ತದೆ. ಮುಂದಿನ ತಾರೀಖಿಗೆ ತಂಗಿಯ ಮನಸ್ಸು ಹಾಗೆಯೇ ಇರುತ್ತದೆಂಬ ಖಾತರಿ ಯಾರಿಗೂ ಇಲ್ಲ.

ಋಣಭಾರ ಪ್ರಮಾಣಪತ್ರ, ಅಂದರೆ ಜನರ ಬಾಯಲ್ಲಿ ‘ಇ.ಸಿ.’, ಈ ವ್ಯವಹಾರದ ಕೀಲಿಕೈ. ಜಮೀನಿನ ಮೇಲೆ ಯಾವ ಯಾವ ನೋಂದಾಯಿತ ವಹಿವಾಟುಗಳಿವೆಯೆಂದು ನಮೂನೆ 15 ಹೇಳುತ್ತದೆ, ಏನೂ ಇಲ್ಲವೆಂದು ನಮೂನೆ 16 ಹೇಳುತ್ತದೆ. ಬ್ಯಾಂಕ್ ಸಾಲಕ್ಕೆ ಅದು ಬೇಕು, ಕೊಳ್ಳುವವನಿಗೆ ಅದು ಬೇಕು, ವಕೀಲರಿಗೆ ಅದು ಬೇಕು. ಇದು ಗುಟ್ಟಿನ ದಾಖಲೆಯೇನೂ ಅಲ್ಲ. 1908ರ ನೋಂದಣಿ ಕಾಯ್ದೆಯ 57ನೇ ಸೆಕ್ಷನ್ನು, ಸ್ಥಿರಾಸ್ತಿ ವಹಿವಾಟುಗಳ ಪುಸ್ತಕವನ್ನೂ ಅದರ ಸೂಚಿಯನ್ನೂ ಶುಲ್ಕ ತೆತ್ತ ಯಾರು ಬೇಕಾದರೂ ಪರಿಶೀಲಿಸಬಹುದೆಂದು ಅನುವು ಮಾಡಿಕೊಟ್ಟಿದೆ. ಗಮನಿಸಬೇಕಾದುದು ‘ಶುಲ್ಕ ತೆತ್ತ’ ಎಂಬ ಮಾತನ್ನು. ಪುಸ್ತಕ ತಿರುವುವ ಗುಮಾಸ್ತನ ಸಮಯಕ್ಕೆ ಬೆಲೆಯಿದೆ ಎಂಬುದನ್ನು ಬ್ರಿಟಿಷರ ಕಾಲದ ಆ ಕಾನೂನು ಅರಿತಿತ್ತು. ಆ ಗುಮಾಸ್ತನ ಜಾಗಕ್ಕೆ ಸರ್ವರ್ ಬಂದಾಗ, ಹುಡುಕಾಟಕ್ಕೆ ಖರ್ಚೇ ಇಲ್ಲವೆಂಬ ಭಾವನೆ ಹೇಗೋ ನಮ್ಮಲ್ಲಿ ಬೆಳೆದುಬಿಟ್ಟಿತು. ಖರ್ಚಿಲ್ಲದ ಕಡೆ ಮಿತಿಯೂ ಇರುವುದಿಲ್ಲ. ಇದು ಅರ್ಥಶಾಸ್ತ್ರದ ಮೊದಲ ಪಾಠ. ಈ ಮಾತಿಗೆ ಮುಂದೆ ಮರಳುತ್ತೇನೆ.

ಮೊದಲು ಬಾಟ್ ಹೇಗೆ ವೇಷ ಹಾಕುತ್ತದೆ, ಅದನ್ನು ಹೇಗೆ ಪತ್ತೆ ಮಾಡುತ್ತಾರೆ ಎಂಬುದನ್ನು ನೋಡೋಣ. ಯಾವುದೇ ಬ್ರೌಸರ್ ಜಾಲತಾಣದ ಬಾಗಿಲು ತಟ್ಟಿದಾಗ ತನ್ನ ಹೆಸರು, ಕುಲ, ಗೋತ್ರಗಳನ್ನು ಒಂದು ಸಾಲಿನಲ್ಲಿ ಹೇಳಿಕೊಳ್ಳುತ್ತದೆ. ಅದಕ್ಕೆ ‘ಯೂಸರ್ ಏಜೆಂಟ್’ ಎಂದು ಹೆಸರು. ತಮಾಷೆಯ ಸಂಗತಿಯೆಂದರೆ ಈ ಪ್ರವರದಲ್ಲಿ ಬ್ರೌಸರ್‌ಗಳೇ ಮೊದಲು ಸುಳ್ಳು ಹೇಳಿದವು. 1990ರ ದಶಕದಲ್ಲಿ ನೆಟ್‌ಸ್ಕೇಪ್ ಬ್ರೌಸರ್ ತನ್ನನ್ನು ‘ಮೊಜಿಲ್ಲಾ’ ಎಂದು ಕರೆದುಕೊಳ್ಳುತ್ತಿತ್ತು. ಹಲವು ತಾಣಗಳು ಆ ಹೆಸರು ಹೇಳಿದವರಿಗೆ ಮಾತ್ರ ಅಂದವಾದ ಪುಟ ಕೊಡುತ್ತಿದ್ದುದರಿಂದ ಮೈಕ್ರೋಸಾಫ್ಟ್‌ನ ಬ್ರೌಸರ್ ಕೂಡ ‘ನಾನೂ ಮೊಜಿಲ್ಲಾ’ ಎನ್ನತೊಡಗಿತು. ಅನಂತರ ಬಂದವರೆಲ್ಲ ಅದೇ ಹಾದಿ ಹಿಡಿದರು. ಇಂದು ನಿಮ್ಮ ಮೊಬೈಲ್‌ನಲ್ಲಿರುವ ಕ್ರೋಮ್ ಕೂಡ ‘ಮೊಜಿಲ್ಲಾ’ ಎಂದೇ ತನ್ನ ಪರಿಚಯವನ್ನು ಆರಂಭಿಸುತ್ತದೆ. ಇಂಥ ಊರಿನಲ್ಲಿ ಬಾಟ್ ಒಂದು ಬಂದು ‘ನಾನು ಮೊಜಿಲ್ಲಾ’ ಎಂದರೆ ಯಾರು ತಾನೇ ತಡೆದಾರು?

ಆದ್ದರಿಂದ ಕಾವಲುಗಾರ ಹೆಸರನ್ನು ನಂಬದೆ ಮಾತಿನ ಧಾಟಿಯನ್ನು ಗಮನಿಸುತ್ತಾನೆ. ತಾನು ಮಂಡ್ಯದವನೆಂದು ಹೇಳಿಕೊಂಡವನು ಎರಡು ವಾಕ್ಯ ಆಡುವಷ್ಟರಲ್ಲಿ ನಮಗೆ ನಿಜ ಗೊತ್ತಾಗುವುದಿಲ್ಲವೆ, ಹಾಗೆ. ಸುರಕ್ಷಿತ ಸಂಪರ್ಕವೊಂದು ಏರ್ಪಡುವಾಗ ಬ್ರೌಸರ್ ತನಗೆ ತಿಳಿದ ಗೂಢಲಿಪಿ ವಿಧಾನಗಳನ್ನು ಒಂದು ನಿರ್ದಿಷ್ಟ ಕ್ರಮದಲ್ಲಿ ಮುಂದಿಡುತ್ತದೆ. ಕ್ರೋಮ್‌ನ ಕ್ರಮ ಒಂದು, ಫೈರ್‌ಫಾಕ್ಸ್‌ನದು ಇನ್ನೊಂದು, ಸಾಮಾನ್ಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಬಾಟ್‌ನದು ಮತ್ತೊಂದು. ಕ್ರೋಮ್ ಎಂದು ಹೆಸರು ಹೇಳಿ ಬೇರೆ ಧಾಟಿಯಲ್ಲಿ ಮಾತನಾಡಿದರೆ ಸಿಕ್ಕಿಬಿದ್ದಂತೆ. 2017ರ ಸುಮಾರಿಗೆ ಈ ವಿಧಾನ ಬಳಕೆಗೆ ಬಂತು. ಅದೇ ವರ್ಷ ಪರದೆಯೇ ಇಲ್ಲದೆ ಓಡುವ ಕ್ರೋಮ್ ಕೂಡ ಬಂತು. ಈಗ ಬಾಟ್ ಬ್ರೌಸರನ್ನು ಅನುಕರಿಸಬೇಕಾಗಿಲ್ಲ, ನಿಜವಾದ ಬ್ರೌಸರನ್ನೇ ಸೂತ್ರದ ಗೊಂಬೆಯಂತೆ ಆಡಿಸಬಹುದು. ಹೀಗಾಗಿ ಕಾವಲುಗಾರ ಇನ್ನೂ ಒಳಕ್ಕೆ ಇಳಿದ: ಮೌಸ್ ಓಡುವ ರೀತಿ, ಕೀಲಿ ಒತ್ತುವ ನಡುವಿನ ಅಂತರ, ಪುಟದಿಂದ ಪುಟಕ್ಕೆ ಹೋಗುವ ವೇಗ, ಒಂದೇ ವಿಳಾಸದಿಂದ ಬರುವ ಕೋರಿಕೆಗಳ ಸಂಖ್ಯೆ. ಇವೆಲ್ಲವನ್ನೂ ಕೂಡಿ ಒಂದು ಅಂಕ ಕೊಡುತ್ತಾನೆ. ಅಂಕ ಕಡಿಮೆಯಾದರೆ ಬಾಗಿಲು ಮುಚ್ಚುತ್ತದೆ.

ಹಳೆಯ ಉಪಾಯವಾದ ‘ಕ್ಯಾಪ್ಚಾ’ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿದ್ವಾಂಸರು 2000ದ ಆಸುಪಾಸಿನಲ್ಲಿ ರೂಪಿಸಿದ ಆ ಸೊಟ್ಟ ಅಕ್ಷರಗಳ ಒಗಟು ಒಂದು ಕಾಲಕ್ಕೆ ಉಪಯುಕ್ತವಾಗಿತ್ತು. 2023ರಲ್ಲಿ ಕ್ಯಾಲಿಫೋರ್ನಿಯಾದ ಅರ್ವೈನ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಒಗಟುಗಳನ್ನು ಮನುಷ್ಯರಿಗಿಂತ ಬಾಟ್‌ಗಳೇ ಬೇಗ ಮತ್ತು ಸರಿಯಾಗಿ ಬಿಡಿಸುತ್ತವೆ. ಉಳಿದದ್ದಕ್ಕೆ, ಪುಡಿಗಾಸಿಗೆ ಇತರರ ಕ್ಯಾಪ್ಚಾ ಬಿಡಿಸಿಕೊಡುವ ಕೂಲಿಯವರು ಬಡದೇಶಗಳಲ್ಲಿ, ನಮ್ಮಲ್ಲೂ, ಇದ್ದಾರೆ. ರಸ್ತೆಯ ಬದಿಯ ಅಗ್ನಿಶಾಮಕ ನಲ್ಲಿ ಇರುವ ಚಿತ್ರಗಳನ್ನು ಆರಿಸಿ ಎಂದು ಕೇಳುವ ಒಗಟನ್ನು ಕಿಕ್ಕೇರಿಯ ರೈತನ ಮುಂದಿಟ್ಟರೆ ಆತ ಏನು ಮಾಡಬೇಕು? ಆ ಬಗೆಯ ನಲ್ಲಿಯನ್ನು ಆತ ಇಂಗ್ಲಿಷ್ ಸಿನಿಮಾದಲ್ಲಿ ನೋಡಿದ್ದರೆ ಉಂಟು.

ನನ್ನ ಆತಂಕ ಶುರುವಾಗುವುದು ಇಲ್ಲಿಂದ. ಮೇಲೆ ಹೇಳಿದ ಲಕ್ಷಣಗಳನ್ನು, ಅಂದರೆ ಒಂದೇ ವಿಳಾಸದಿಂದ ಹಲವು ಕೋರಿಕೆ, ಒಂದೇ ಬಗೆಯ ಪುಟಗಳಿಗೆ ಮತ್ತೆ ಮತ್ತೆ ಭೇಟಿ, ಅಭ್ಯಾಸಬಲದಿಂದ ಬಂದ ವೇಗ, ಪ್ರತಿಸಲವೂ ಬೇರೆ ಬೇರೆಯವರ ಹೆಸರು, ಇವನ್ನು ಒಟ್ಟಿಗೆ ಇಟ್ಟು ನೋಡಿ. ಬಾಟ್‌ನ ವರ್ಣನೆಯಂತೆಯೇ ಇದೆ. ಇದು ಗ್ರಾಮ ಒನ್ ಕೇಂದ್ರದ ನಿರ್ವಾಹಕನ ವರ್ಣನೆಯೂ ಹೌದು. ಪತ್ರಬರಹಗಾರನ ಪಕ್ಕದ ಕಂಪ್ಯೂಟರ್ ಅಂಗಡಿಯ ಹುಡುಗಿಯದ್ದೂ ಹೌದು. ಬೆಂಗಳೂರಿನ ಜಯನಗರದಲ್ಲಿ ನಾಗರಿಕನೊಬ್ಬ ತನ್ನದೇ ಕಂಪ್ಯೂಟರ್‌ನಲ್ಲಿ, ತನ್ನದೇ ಬ್ರಾಡ್‌ಬ್ಯಾಂಡ್‌ನಲ್ಲಿ, ವರ್ಷಕ್ಕೊಮ್ಮೆ ಇ.ಸಿ. ಹುಡುಕುತ್ತಾನೆ. ಬಿಂಡಿಗನವಿಲೆಯ ರೈತ ಹಾಗೆ ಮಾಡುವುದಿಲ್ಲ. ಆತನ ಪಹಣಿ, ಇ.ಸಿ., ಜಾತಿ ಪ್ರಮಾಣಪತ್ರ, ಮಗಳ ವಿದ್ಯಾರ್ಥಿವೇತನ ಎಲ್ಲವೂ ಹಲವು ವರ್ಷಗಳಿಂದ ಮಧ್ಯವರ್ತಿಯೊಬ್ಬನ ಯಂತ್ರದ ಮೂಲಕವೇ ಸರ್ಕಾರವನ್ನು ತಲುಪುತ್ತಿವೆ. ಮೊದಲು ನಾಡಕಚೇರಿ, ಆಮೇಲೆ ಬಾಪೂಜಿ ಸೇವಾ ಕೇಂದ್ರ, 2022ರಿಂದ ಗ್ರಾಮ ಒನ್. ಈ ಮಧ್ಯವರ್ತಿತನವನ್ನು ಸರ್ಕಾರವೇ ಕಟ್ಟಿ ಬೆಳೆಸಿದೆ, ಅದೂ ಒಳ್ಳೆಯ ಉದ್ದೇಶದಿಂದ.

ಆತನೇ ಸ್ವಂತ ಮೊಬೈಲ್‌ನಿಂದ ಪ್ರಯತ್ನಿಸಿದರೂ ಪರಿಸ್ಥಿತಿ ಬಹಳ ಬದಲಾಗದು. ಜಗತ್ತಿನ ಹಳೆಯ ಮಾದರಿಯ ಐ.ಪಿ. ವಿಳಾಸಗಳ ಒಟ್ಟು ಸಂಖ್ಯೆಯೇ ಸುಮಾರು 430 ಕೋಟಿ. ಇಂಟರ್‌ನೆಟ್ಟಿಗೆ ತಡವಾಗಿ ಬಂದ ನಮ್ಮಂಥ ದೇಶಗಳಿಗೆ ಅದರಲ್ಲಿ ಸಿಕ್ಕಿದ ಪಾಲು ಸಣ್ಣದು. ಹೀಗಾಗಿ ಮೊಬೈಲ್ ಕಂಪನಿಗಳು ಒಂದೇ ವಿಳಾಸದ ಹಿಂದೆ ನೂರಾರು, ಕೆಲವೊಮ್ಮೆ ಸಾವಿರಾರು ಗ್ರಾಹಕರನ್ನು ಕೂರಿಸುತ್ತವೆ. ಆ ಪೈಕಿ ಒಬ್ಬನ ಮೊಬೈಲ್‌ಗೆ ಕುತಂತ್ರಾಂಶ ಹೊಕ್ಕು ಅದು ಬಾಟ್‌ನಂತೆ ವರ್ತಿಸಿದರೆ, ಆ ವಿಳಾಸವನ್ನು ತಡೆದಾಗ ಉಳಿದವರೆಲ್ಲರಿಗೂ ಬಾಗಿಲು ಮುಚ್ಚಿದಂತೆ. ನಾಲ್ಕು ವರ್ಷ ಹಳೆಯ ಫೋನು, ನವೀಕರಣ ಕಾಣದ ಬ್ರೌಸರ್, ನಡುನಡುವೆ ಕಡಿದುಹೋಗುವ ಸಂಪರ್ಕ, ಇವೂ ಕಾವಲುಗಾರನ ಲೆಕ್ಕದಲ್ಲಿ ಅನುಮಾನದ ಅಂಕಗಳೇ. ಬಡತನಕ್ಕೂ ಬಾಟ್‌ತನಕ್ಕೂ ಹೊರಗಿನಿಂದ ಇಷ್ಟೊಂದು ಹೋಲಿಕೆ ಇರುವುದು ದುರದೃಷ್ಟಕರ.

ಸಂಖ್ಯಾಶಾಸ್ತ್ರದ ಒಂದು ಸರಳ ಲೆಕ್ಕ ಇಲ್ಲಿ ಪ್ರಸ್ತುತ. ಒಂದು ಕಾವಲು ವ್ಯವಸ್ಥೆ ಶೇ 99ರಷ್ಟು ನಿಖರ ಎಂದುಕೊಳ್ಳೋಣ. ದಿನಕ್ಕೆ ಒಂದು ಲಕ್ಷ ಭೇಟಿಗಳು, ಅದರಲ್ಲಿ 10 ಸಾವಿರ ಬಾಟ್‌ಗಳದ್ದು ಎಂದಿಟ್ಟುಕೊಳ್ಳೋಣ. ಆಗ 9,900 ಬಾಟ್‌ಗಳು ಹೊರಗುಳಿಯುತ್ತವೆ; ಬಿಡ್ಡುದಾರರು ಸರ್ಕಾರಕ್ಕೆ ತೋರಿಸುವುದು ಈ ಸಂಖ್ಯೆಯನ್ನು. ಅದರ ಜೊತೆಗೇ 900 ಜನ ನಿಜವಾದ ನಾಗರಿಕರೂ ಹೊರಗುಳಿಯುತ್ತಾರೆ; ಇದನ್ನು ಯಾರೂ ತೋರಿಸುವುದಿಲ್ಲ. ಆ 900 ಜನ ರಾಜ್ಯದಲ್ಲಿ ಸಮನಾಗಿ ಹಂಚಿಹೋಗಿದ್ದರೆ ದುರದೃಷ್ಟವೆಂದು ಸುಮ್ಮನಾಗಬಹುದಿತ್ತು. ಆದರೆ ಮೇಲಿನ ಕಾರಣಗಳಿಂದಾಗಿ ಅವರು ಹಂಚಿಕೊಂಡ ವಿಳಾಸಗಳ, ಹಳೆಯ ಯಂತ್ರಗಳ, ಮಧ್ಯವರ್ತಿ ಕೇಂದ್ರಗಳ ಹಿಂದೆಯೇ ಗುಂಪಾಗಿ ನಿಂತಿರುತ್ತಾರೆ.

ಇದಕ್ಕಿಂತ ಗಂಭೀರವಾದ ಸಂಗತಿಯೊಂದಿದೆ. ಕರ್ನಾಟಕ ನಾಗರಿಕ ಸೇವೆಗಳ ಖಾತರಿ ಕಾಯ್ದೆ 2011ರಲ್ಲಿ ಬಂತು, 2012ರ ಏಪ್ರಿಲ್‌ನಲ್ಲಿ ‘ಸಕಾಲ’ ಎಂಬ ಹೆಸರಿನಲ್ಲಿ ಜಾರಿಯಾಯಿತು. ಗೊತ್ತಾದ ಅವಧಿಯಲ್ಲಿ ಸೇವೆ ದೊರೆಯದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿ ಮೀರದಂತೆ ಪರಿಹಾರ ಕೇಳುವ ಹಕ್ಕನ್ನು ಅದು ನಾಗರಿಕನಿಗೆ ಕೊಟ್ಟಿತು. ಮೊತ್ತ ಸಣ್ಣದಿರಬಹುದು, ಆದರೆ ವಿಳಂಬವೊಂದು ದಾಖಲಾಗುತ್ತದೆ, ಅಧಿಕಾರಿ ಉತ್ತರ ಹೇಳಬೇಕಾಗುತ್ತದೆ. ಸಕಾಲದ ಗಡಿಯಾರ ಓಡತೊಡಗುವುದು ಅರ್ಜಿ ಸ್ವೀಕೃತವಾಗಿ ಅದಕ್ಕೊಂದು ಸಂಖ್ಯೆ ಬಿದ್ದ ಮೇಲೆ. ಬಾಗಿಲಲ್ಲೇ ತಡೆಯಲ್ಪಟ್ಟವನಿಗೆ ಅರ್ಜಿಯೇ ಇಲ್ಲ, ಸಂಖ್ಯೆಯೂ ಇಲ್ಲ. ನಮ್ಮ ಕಾಲದಲ್ಲಿ ಟಪಾಲು ವಿಭಾಗದ ಗುಮಾಸ್ತ ಅರ್ಜಿ ತೆಗೆದುಕೊಳ್ಳಲು ನಿರಾಕರಿಸಿದರೆ ಅರ್ಜಿದಾರ ತಹಶೀಲ್ದಾರರ ಬಾಗಿಲು ನೂಕಿಕೊಂಡು ಒಳಗೆ ಬರುತ್ತಿದ್ದ, ಜಗಳವಾಡುತ್ತಿದ್ದ. ಈ ಕಾವಲುಗಾರನೊಂದಿಗೆ ಜಗಳವಾಡಲು ಮುಖವೇ ಇಲ್ಲ. ‘ಪ್ರವೇಶ ನಿರಾಕರಿಸಲಾಗಿದೆ’ ಎಂಬರ್ಥದ ಒಂದು ಇಂಗ್ಲಿಷ್ ಸಾಲು, ಅದರ ಕೆಳಗೆ ಅರ್ಥವಾಗದ ಉದ್ದನೆಯ ಅಂಕಿ, ಸಾಮಾನ್ಯವಾಗಿ ಇಷ್ಟೇ. ಆ ತಿರಸ್ಕಾರ ಸರ್ಕಾರದ ಯಾವ ವರದಿಯಲ್ಲೂ ಬರುವುದಿಲ್ಲ.

ದಟ್ಟಣೆ ಎಂದಾಕ್ಷಣ ದಾಳಿ ಎಂದು ಭಾವಿಸುವ ಪ್ರವೃತ್ತಿಯೂ ಅಪಾಯಕಾರಿ. 2023ರ ಜೂನ್‌ನಲ್ಲಿ ಗೃಹಜ್ಯೋತಿ ನೋಂದಣಿ ಆರಂಭವಾದಾಗ ಸೇವಾಸಿಂಧು ತಾಣ ತತ್ತರಿಸಿತ್ತು. ಸರ್ವರ್ ಹ್ಯಾಕ್ ಆಗಿದೆಯೆಂಬ ರಾಜಕೀಯ ಆರೋಪವೂ ಆಗ ಕೇಳಿಬಂದಿತ್ತು. ಉಚಿತ ವಿದ್ಯುತ್ ಘೋಷಿಸಿದ ಮೇಲೆ ಇಡೀ ರಾಜ್ಯ ಒಟ್ಟಿಗೆ ಬಾಗಿಲು ತಟ್ಟದೆ ಇದ್ದೀತೆ? ಜನಜಂಗುಳಿ ಮತ್ತು ಬಾಟ್ ಜಂಗುಳಿ, ಎರಡರ ಲಕ್ಷಣವೂ ಹೊರಗಿನಿಂದ ಒಂದೇ. ಕಾವೇರಿಯ ವಿಷಯದಲ್ಲಿ ಸೆಕೆಂಡಿಗೆ 86ರ ಲೆಕ್ಕ ಇದ್ದುದರಿಂದ, 62 ಖಾತೆಗಳಷ್ಟೇ ಇದ್ದುದರಿಂದ ಗುರುತಿಸುವುದು ಸುಲಭವಾಯಿತು. ಅದೊಂದು ಒರಟು ದಾಳಿ. ಸಾವಿರಾರು ಮನೆಗಳ ಸಂಪರ್ಕಗಳನ್ನು ಬಾಡಿಗೆಗೆ ಪಡೆದು, ಒಂದೊಂದರಿಂದ ಗಂಟೆಗೆ ನಾಲ್ಕೇ ಕೋರಿಕೆ ಕಳುಹಿಸುವ ತಾಳ್ಮೆಯ ಬಾಟ್ ಬಂದಾಗ, ಅದನ್ನು ಹಿಡಿಯಲು ಜರಡಿಯ ಕಣ್ಣನ್ನು ಕಿರಿದುಮಾಡುತ್ತಾರೆ. ಆಗ ಉದುರುವವರು ಯಾರೆಂಬುದನ್ನು ಮೇಲೆ ಹೇಳಿದ್ದೇನೆ.

ಬಾಟ್‌ಗಳು ಬರುವುದಾದರೂ ಏಕೆ? ‘ಮೊದಲು ಬಂದವರಿಗೆ ಮೊದಲ ಆದ್ಯತೆ’ ಎಂಬ ನಿಯಮವಿದ್ದು, ಹಂಚುವ ವಸ್ತು ವಿರಳವಾಗಿದ್ದು, ಬಾಗಿಲು ತಟ್ಟಲು ಖರ್ಚಿಲ್ಲದಿದ್ದರೆ, ಯಂತ್ರ ಬರಲೇಬೇಕು. 2021ರ ಮೇ ತಿಂಗಳಲ್ಲಿ 18ರಿಂದ 44 ವಯಸ್ಸಿನವರಿಗೆ ಕೋವಿಡ್ ಲಸಿಕೆ ತೆರೆದಾಗ ಕೋವಿನ್ ತಾಣದಲ್ಲಿ ಆದದ್ದು ಇದೇ. ಪ್ರೋಗ್ರಾಮಿಂಗ್ ಬಲ್ಲ ನಗರದ ಯುವಕರು ಬರೆದ ತಂತ್ರಾಂಶಗಳು ಖಾಲಿ ಜಾಗಗಳನ್ನು ಕ್ಷಣಮಾತ್ರದಲ್ಲಿ ಪತ್ತೆಹಚ್ಚುತ್ತಿದ್ದವು. ದೇಶದ ಹಲವೆಡೆ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ನಗರದಿಂದ ಕಾರುಗಳು ಬಂದವು. ಊರಿನವರು ನೋಡುತ್ತಾ ನಿಂತರು. ಆ ಮೇ 31ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಈ ಡಿಜಿಟಲ್ ಕಂದರವನ್ನು ಪ್ರಶ್ನಿಸಿತು. ಆ ವೇಳೆಗೆ ಸರ್ಕಾರ ಕ್ಯಾಪ್ಚಾ ತಂದಿತ್ತು, ಕೋರಿಕೆಗಳಿಗೆ ಮಿತಿ ಹೇರಿತ್ತು. ನಿಜವಾಗಿ ಸಮಸ್ಯೆ ಬಗೆಹರಿದದ್ದು ನೇರವಾಗಿ ಕೇಂದ್ರಕ್ಕೆ ಹೋದವರಿಗೂ ಲಸಿಕೆ ಎಂದಾಗ, ಮತ್ತು ಲಸಿಕೆಯ ಪೂರೈಕೆ ಹೆಚ್ಚಿದಾಗ.

ರೈಲ್ವೆಯ ತತ್ಕಾಲ್ ಟಿಕೆಟ್‌ನ ಕಥೆಯೂ ಭಿನ್ನವಲ್ಲ. ತತ್ಕಾಲ್ ತೆರೆದ ಮೊದಲ ಐದು ನಿಮಿಷಗಳಲ್ಲಿ ಲಾಗಿನ್ ಯತ್ನಗಳ ಪೈಕಿ ಶೇ 50ರವರೆಗೂ ಬಾಟ್‌ಗಳದ್ದೆಂದು ರೈಲ್ವೆ ಸಚಿವಾಲಯವೇ 2025ರ ಜೂನ್‌ನಲ್ಲಿ ಹೇಳಿತು, 2.5 ಕೋಟಿ ಶಂಕಿತ ಖಾತೆಗಳನ್ನು ನಿಷ್ಕ್ರಿಯಗೊಳಿಸಲಾಯಿತು. ಜುಲೈ 1ರಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣ ಕಡ್ಡಾಯವಾಯಿತು. ಅನಧಿಕೃತ ಇ-ಟಿಕೆಟ್ ವ್ಯವಹಾರಕ್ಕೂ ರೈಲ್ವೆ ಕಾಯ್ದೆಯ 143ನೇ ಸೆಕ್ಷನ್ ಅನ್ವಯಿಸುತ್ತದೆಂದು ಅದೇ ವರ್ಷದ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತ್ತು. ಟಿಕೆಟ್‌ಗೆ ಆಧಾರ್ ಕೇಳುವುದನ್ನು ಒಪ್ಪಬಹುದು. ಸಾರ್ವಜನಿಕ ದಾಖಲೆಯೊಂದನ್ನು ಓದಲೂ ಗುರುತಿನ ಚೀಟಿ ತೋರಿಸಬೇಕಾದ ಕಡೆಗೆ ಇದು ಹೊರಳಬಾರದು.

ಐ.ಪಿ. ವಿಳಾಸ ಪ್ರಯೋಜನಕ್ಕೆ ಬಾರದೆಂದು ನಾನು ಹೇಳುತ್ತಿಲ್ಲ. 2024ರಲ್ಲಿ ಎಂಜಿನಿಯರಿಂಗ್ ಸೀಟು ತಡೆಹಿಡಿಯುವ ಹಗರಣ ಹೊರಬಂದಾಗ, ಹಲವು ಅಭ್ಯರ್ಥಿಗಳ ಆಯ್ಕೆಗಳು ಒಂದೇ ಐ.ಪಿ. ವಿಳಾಸದಿಂದ ದಾಖಲಾಗಿದ್ದುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ ಮುಖ್ಯ ಸುಳಿವಾಯಿತು. ಅಲ್ಲಿ ಸುಳಿವು ಸಿಕ್ಕ ಮೇಲೆ ಮನುಷ್ಯರು ಕುಳಿತು ಪರಿಶೀಲಿಸಿದರು, ಪೊಲೀಸರಿಗೆ ದೂರು ಹೋಯಿತು, ಬಂಧನಗಳಾದವು. ಪ್ರಾಮಾಣಿಕ ಸೈಬರ್ ಕೇಂದ್ರದಿಂದಲೂ ಒಂದೇ ವಿಳಾಸದಲ್ಲಿ ಹತ್ತು ವಿದ್ಯಾರ್ಥಿಗಳು ಆಯ್ಕೆ ತುಂಬಿರುತ್ತಾರೆ. ಸುಳಿವೇ ತೀರ್ಪಾಗಿದ್ದರೆ ಅವರ ಸೀಟುಗಳೂ ಹೋಗುತ್ತಿದ್ದವು. ತನಿಖೆಯಲ್ಲಿ ಇರುವ ಈ ಅಂತರ ಸ್ವಯಂಚಾಲಿತ ಕಾವಲಿನಲ್ಲಿ ಇಲ್ಲ.

ಹಾಗಾದರೆ ದಾರಿ ಯಾವುದು? ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟನ್ನು ಬಲ್ಲವರಿಗೆ ಈ ಪ್ರಶ್ನೆ ಹೊಸದಲ್ಲ. ನೀರು ಕಡಿಮೆಯಿದ್ದಾಗ ಮೇಲ್ಭಾಗದವನು ರಾತ್ರಿ ತೂಬು ಎತ್ತುತ್ತಾನೆ, ಪಂಪ್ ಇಡುತ್ತಾನೆ. ನಾಲೆಯ ಕೊನೆಯ ಭಾಗದವನ ಗದ್ದೆ ಒಣಗುತ್ತದೆ. ಇದಕ್ಕೆ ನೀರಾವರಿ ಇಲಾಖೆ ಕಂಡುಕೊಂಡ ಉತ್ತರ ಬರೀ ಕಾವಲು ಹೆಚ್ಚಿಸುವುದಾಗಿರಲಿಲ್ಲ. ಕಟ್ಟು ಪದ್ಧತಿಯಲ್ಲಿ ಸರದಿಯಂತೆ ನೀರು ಬಿಡುವುದು, ತೂಬಿನ ಅಳತೆಯನ್ನೇ ನಿಗದಿ ಮಾಡುವುದು, ಯಾವ ಗದ್ದೆ ಯಾರದೆಂದು ಬಲ್ಲ ನೀರುಗಂಟಿಯನ್ನು ನೇಮಿಸುವುದು ಅದರ ಭಾಗಗಳಾಗಿದ್ದವು. ಆ ಪದ್ಧತಿ ಸದಾ ನ್ಯಾಯವಾಗಿ ನಡೆಯಿತೆಂದಲ್ಲ. ಮದ್ದೂರು, ಮಳವಳ್ಳಿಯ ಕೊನೆಯ ಭಾಗದ ರೈತರನ್ನು ಕೇಳಿದರೆ ಬೇರೆಯದೇ ಕಥೆ ಹೇಳಿಯಾರು. ಆದರೂ ಅದರ ತರ್ಕ ಸರಿಯಾಗಿತ್ತು.

ಆ ತರ್ಕವನ್ನು ಇಲ್ಲಿಗೆ ತಂದರೆ ಮೊದಲ ಕೆಲಸ ತೂಬುಗಳನ್ನು ಬೇರ್ಪಡಿಸುವುದು. ಇ.ಸಿ. ಹುಡುಕಾಟಕ್ಕೆ ಪ್ರವಾಹ ಬಂದರೆ ಕ್ರಯಪತ್ರದ ನೋಂದಣಿ ಏಕೆ ನಿಲ್ಲಬೇಕು? ಓದುವ ದಾಖಲೆಯ ಪ್ರತಿಯನ್ನು ಬೇರೆ ಯಂತ್ರಗಳಲ್ಲಿಟ್ಟು, ನೋಂದಣಿ ಕಚೇರಿಗಳ ಸಂಪರ್ಕವನ್ನು ಸಾರ್ವಜನಿಕ ಬಾಗಿಲಿನಿಂದ ಪ್ರತ್ಯೇಕಿಸಿದರೆ ಮುಂದಿನ ದಾಳಿಯಲ್ಲಿ ಹುಡುಕಾಟ ಕುಂಟಬಹುದು, ಆದರೆ ಪೀಣ್ಯದಿಂದ ಬಂದ ತಮ್ಮ ಸಹಿ ಮಾಡಿ ಹೋಗಬಹುದು. ಗ್ರಾಮ ಒನ್ ಕೇಂದ್ರಗಳು, ಪತ್ರಬರಹಗಾರರು, ಬ್ಯಾಂಕುಗಳು ಮತ್ತು ಸಹಕಾರ ಸಂಘಗಳಿಗೆ ನೋಂದಾಯಿತ ಗುರುತೊಂದನ್ನು ಕೊಟ್ಟು, ಅವರ ಮಿತಿಯನ್ನು ಆ ಗುರುತಿಗೆ ಕಟ್ಟಬೇಕು, ಐ.ಪಿ. ವಿಳಾಸಕ್ಕಲ್ಲ. ನೀರುಗಂಟಿಗೆ ಗದ್ದೆ ಗೊತ್ತಿರುವಂತೆ ಸರ್ವರ್‌ಗೆ ಕೇಂದ್ರ ಗೊತ್ತಿರಬೇಕು. ಅಂತಹ ಕೇಂದ್ರದಿಂದ ಗಂಟೆಗೆ ನಲವತ್ತು ಕೋರಿಕೆ ಬಂದರೆ ಅದು ಸಂತೆಯ ದಿನವಿರಬೇಕೆಂದು ತಿಳಿಯಬೇಕು.

ಎರಡನೆಯದು ಬೆಲೆಯ ವಿಷಯ. ಬಾಗಿಲು ತಟ್ಟುವವನ ಕಂಪ್ಯೂಟರ್‌ನಿಂದ ಒಂದು ಕಠಿಣ ಲೆಕ್ಕ ಮಾಡಿಸಿ, ಆ ಶ್ರಮವನ್ನೇ ಸುಂಕವಾಗಿ ಪಡೆಯುವ ಉಪಾಯ ಈಗ ಮತ್ತೆ ಚಾಲ್ತಿಗೆ ಬಂದಿದೆ. ಇ-ಮೇಲ್ ಕಸವನ್ನು ತಡೆಯಲು 1992ರಲ್ಲೇ ಈ ವಿಚಾರ ಹೊಳೆದಿತ್ತು. ಬಾಟ್‌ಗೆ ಲಕ್ಷಾಂತರ ಸಲ ಆ ಲೆಕ್ಕ ಮಾಡುವುದು ದುಬಾರಿಯಾಗುತ್ತದೆ ಎಂಬುದು ವಾದ. ಅರ್ಥಶಾಸ್ತ್ರದ ಕಣ್ಣಿಗೆ ಇದು ಬಡವನ ಮೇಲೆ ಹೆಚ್ಚು ಬೀಳುವ ತೆರಿಗೆ. ಶಕ್ತಿಯುತ ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುವ ಲೆಕ್ಕಕ್ಕೆ ಹಳೆಯ ಫೋನು ಅರ್ಧ ನಿಮಿಷ ಬಿಸಿಯಾಗುತ್ತದೆ. ಅದಕ್ಕಿಂತ 1908ರ ಕಾಯ್ದೆಯ ದಾರಿಯೇ ಮೇಲು. ತಿಂಗಳಿಗೆ ಒಂದಿಷ್ಟು ಹುಡುಕಾಟ ಪ್ರತಿ ಖಾತೆಗೂ ಉಚಿತವಾಗಿರಲಿ. ಅದನ್ನು ಮೀರಿದರೆ ಹುಡುಕಾಟವೊಂದಕ್ಕೆ ರೂಪಾಯಿ ಲೆಕ್ಕದ ಶುಲ್ಕವಿರಲಿ. ಸಗಟು ಮಾಹಿತಿ ಬೇಕಾದ ಬ್ಯಾಂಕು, ಡೆವಲಪರ್ ಮುಂತಾದವರಿಗೆ ಬೇರೆ ಬಾಗಿಲು, ಬೇರೆ ದರ, ಬೇರೆ ಷರತ್ತು ಇರಲಿ. ಲಕ್ಷ ಹುಡುಕಾಟಕ್ಕೆ ಲಕ್ಷ ರೂಪಾಯಿ ತೆರಬೇಕಾದಾಗ ಹಣ ಪಾವತಿಯ ಜಾಡೂ ಉಳಿಯುತ್ತದೆ, ಐ.ಪಿ. ವಿಳಾಸಕ್ಕಿಂತ ಅದು ಪೊಲೀಸರಿಗೆ ಎಷ್ಟೋ ಉತ್ತಮ ಸುಳಿವು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳಡಿ ಸೇವೆಗೆ ಅಡ್ಡಿಪಡಿಸಿದವನಿಗೆ ಮೂರು ವರ್ಷದವರೆಗೆ ಜೈಲು ಇದೆ. ಆದರೆ ಹಿಡಿಯದೆ ಶಿಕ್ಷಿಸುವುದೆಂತು?

ಇವೆಲ್ಲ ಆದ ಮೇಲೂ ಒಂದಿಷ್ಟು ಜನ ತಪ್ಪಾಗಿ ತಡೆಯಲ್ಪಡುತ್ತಾರೆ. ಅವರಿಗಾಗಿ ತಡೆಯ ಪುಟ ಕನ್ನಡದಲ್ಲಿರಬೇಕು, ಏಕೆ ತಡೆಯಲಾಯಿತೆಂದು ಅದರಲ್ಲಿ ಹೇಳಬೇಕು, ಅಲ್ಲೇ ಒಂದು ಸಂಖ್ಯೆ ದೊರೆತು ಆ ಕ್ಷಣದಿಂದಲೇ ಸಕಾಲದ ಗಡಿಯಾರ ಓಡಬೇಕು. ಆ ಸಂಖ್ಯೆಯನ್ನು ಹಿಡಿದು ಬಂದವನಿಗೆ ಉಪನೋಂದಣಾಧಿಕಾರಿ ಅದೇ ದಿನ ಕಚೇರಿಯ ಯಂತ್ರದಿಂದಲೇ ಇ.ಸಿ. ಕೊಡುವ ಅಧಿಕಾರ ಹೊಂದಿರಬೇಕು. ಕಾವಲು ವ್ಯವಸ್ಥೆ ಪೂರೈಸುವ ಕಂಪನಿಯೊಂದಿಗಿನ ಕರಾರಿನಲ್ಲಿ, ಎಷ್ಟು ಬಾಟ್ ತಡೆದಿರಿ ಎಂಬುದರ ಜೊತೆಗೆ ಎಷ್ಟು ಮನುಷ್ಯರನ್ನು ತಪ್ಪಾಗಿ ತಡೆದಿರಿ ಎಂಬ ಅಂಕಿಯೂ ತಿಂಗಳು ತಿಂಗಳು ಪ್ರಕಟವಾಗಬೇಕೆಂಬ ಷರತ್ತು ಇರಬೇಕು. ಇಂಪರ್ವಾ ಎಂಬ ಸಂಸ್ಥೆಯ 2025ರ ವರದಿಯಂತೆ 2024ರಲ್ಲಿ ಜಾಗತಿಕ ಅಂತರ್ಜಾಲ ದಟ್ಟಣೆಯ ಶೇ 51 ಭಾಗ ಯಂತ್ರಗಳದ್ದೇ ಆಗಿತ್ತು. ಔಷಧ ಮಾರುವವರೇ ರೋಗದ ಅಂಕಿಅಂಶ ಕೊಡುತ್ತಿದ್ದಾರೆಂಬುದನ್ನು ನೆನಪಿಟ್ಟುಕೊಂಡರೂ, ಸಮಸ್ಯೆ ದೊಡ್ಡದೆಂಬುದು ನಿಜ. ಆದ್ದರಿಂದಲೇ ಮಾಪನ ಎರಡೂ ಕಡೆಯಿಂದ ಆಗಬೇಕು.

ಇದನ್ನೆಲ್ಲ ಒಮ್ಮೆಲೇ ರಾಜ್ಯದಾದ್ಯಂತ ಮಾಡಬೇಕಾಗಿಲ್ಲ. ಭೂಮಿ ಯೋಜನೆ 67 ಲಕ್ಷ ಹಿಡುವಳಿದಾರರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ತಂದಿದ್ದು ಈಗ ಇತಿಹಾಸ. ಅದರ ಪ್ರಾಯೋಗಿಕ ಆರಂಭ ಇದೇ ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಆಗಿತ್ತು. 2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯೊಳಗೆ ಯಾವ ಕಚೇರಿಯಲ್ಲಾದರೂ ನೋಂದಣಿ ಮಾಡಿಸುವ ಅವಕಾಶವಿರುವುದರಿಂದ ಪಾಂಡವಪುರ ಉಪವಿಭಾಗದ ನಾಲ್ಕು ಉಪನೋಂದಣಿ ಕಚೇರಿಗಳು ಒಂದಕ್ಕೊಂದು ಹೆಗಲು ಕೊಡಲೂ ಸಾಧ್ಯ. ಹೊಸ ಕಾವಲು ಕ್ರಮ ಜಾರಿಯಾಗುವ ಮುನ್ನ ಮೂರು ತಿಂಗಳು ಆ ನಾಲ್ಕು ಕಚೇರಿಗಳಲ್ಲಿ, ಅವುಗಳ ವ್ಯಾಪ್ತಿಯ ಗ್ರಾಮ ಒನ್ ಕೇಂದ್ರಗಳಲ್ಲಿ, ಒಂದು ಸಾಧಾರಣ ರಿಜಿಸ್ಟರ್ ಇಡಲಿ: ಯಾವ ದಿನ, ಯಾವ ವೇಳೆಗೆ, ಯಾರ ಯಾವ ಕೆಲಸಕ್ಕೆ ಬಾಗಿಲು ತೆರೆಯಲಿಲ್ಲ. ಆ ರಿಜಿಸ್ಟರನ್ನು ಬೆಂಗಳೂರಿನ ಸರ್ವರ್ ದಾಖಲೆಯ ಪಕ್ಕದಲ್ಲಿಟ್ಟು ತಾಳೆ ನೋಡಲಿ. ಖರ್ಚು ನಾಲ್ಕು ಕಚೇರಿಗಳ ಕೆಲವು ರಿಜಿಸ್ಟರ್ ಪುಸ್ತಕಗಳದ್ದು. ಆದೇಶ ಹೊರಡಿಸಲು ನೋಂದಣಿ ಮಹಾಪರಿವೀಕ್ಷಕರ ಒಂದು ಸುತ್ತೋಲೆ ಸಾಕು.